ಮೊದಲ ಸಿನಿಮಾದ ಪಂಚಾಂಗ



ಕಾರವಾರದ ಕಡಲ ದಂಡೆಯಲ್ಲಿ ಒಂದು ದೃಶ್ಯ ತೆಗೆಯಬೇಕಿದೆ ಎಂದುಕೊಳ್ಳಿ. ಮುಂಬಯಿಯಿಂದ ಬಂದ ಮಗ, ಬಲೆ ಬಿಡಿಸುತ್ತ ಕೂತ ಅಪ್ಪ, ಇಬ್ಬರ ನಡುವೆ ನಾಲ್ಕು ಮಾತು. ಚಿತ್ರಕಥೆಯಲ್ಲಿ ಇದು ಎರಡು ಪುಟ. ಪುಟಕ್ಕೊಂದು ನಿಮಿಷ ಎಂಬ ಸಿನಿಮಾದವರ ರೂಢಿಯ ಲೆಕ್ಕ ಹಿಡಿದರೆ ತೆರೆಯ ಮೇಲೆ ಎರಡು ನಿಮಿಷ. ಶನಿವಾರ ಸಂಜೆ ಐದಕ್ಕೆ ಕ್ಯಾಮೆರಾ ಇಟ್ಟು ಅಪ್ಪನ ಕಡೆಯ ಶಾಟುಗಳನ್ನು ತೆಗೆದಿರಿ. ಬೆಳಕು ಹೋಯಿತು. ಮಗನ ಕಡೆಯದು ನಾಳೆ ಇದೇ ಹೊತ್ತಿಗೆ ಎಂದು ಯೂನಿಟ್ಟನ್ನು ಕಳಿಸಿದಿರಿ. ಭಾನುವಾರ ಐದಕ್ಕೆ ಬಂದು ನೋಡಿದರೆ ನೀರು ನಿನ್ನೆ ಇದ್ದಲ್ಲಿ ಇಲ್ಲ. ಭರತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ನಿನ್ನೆಯ ನೀರೇ ಬೇಕೆಂದರೆ ಐದೂ ಐವತ್ತರ ತನಕ ಕಾಯಬೇಕು. ಡಿಸೆಂಬರ್ ತಿಂಗಳಾದರೆ ಅಷ್ಟು ಹೊತ್ತಿಗೆ ಸೂರ್ಯ ನೀರಿನ ಅಂಚಿಗೆ ಬಂದಿರುತ್ತಾನೆ. ನೀರು ಹೊಂದಿತು ಅನ್ನುವಾಗ ಬೆಳಕು ಹೊಂದುವುದಿಲ್ಲ. ಹಾಗೇ ತೆಗೆದುಬಿಟ್ಟರೆ, ಎರಡನ್ನೂ ಸಂಕಲನದಲ್ಲಿ ಒಂದರ ಪಕ್ಕ ಒಂದಿಟ್ಟಾಗ ಅಪ್ಪ ಒಂದು ದಂಡೆಯಲ್ಲೂ ಮಗ ಇನ್ನೊಂದು ದಂಡೆಯಲ್ಲೂ ನಿಂತು ಮಾತಾಡಿದ ಹಾಗೆ ಕಾಣುತ್ತದೆ. ನೋಡುವವನು ಅದನ್ನು ಬಾಯಿಬಿಟ್ಟು ಹೇಳಲಾರ. ಏನೋ ಸರಿಯಿಲ್ಲ ಅನಿಸಿ ಅವನ ಮನಸ್ಸು ಆ ನಾಲ್ಕು ಮಾತಿನಿಂದ ಆಚೆ ಸರಿಯುತ್ತದೆ, ಅಷ್ಟೆ.

ನಮ್ಮ ಮೀನುಗಾರರಿಗೆ ಈ ಲೆಕ್ಕ ಬಾಯಿಪಾಠ. ಅಮಾವಾಸ್ಯೆ, ಹುಣ್ಣಿಮೆಗೆ ಭರತ ನಡುಹಗಲಿನ ಆಸುಪಾಸು. ಹಾಗಾಗಿ ಆ ದಿನಗಳ ಸಂಜೆಗೆ ಇಳಿತ, ಅಗಲವಾದ ಹಸಿ ಮರಳು, ಮರಳಿನ ಮೇಲೆ ಕೆಂಪು ಬೆಳಕು. ಅಷ್ಟಮಿಯ ಹೊತ್ತಿಗೆ ಎಲ್ಲ ತಿರುಗುಮುರುಗು; ಸಂಜೆಗೆ ನೀರು ಮೇಲೆ ಬಂದು ದಂಡೆ ಕಿರಿದಾಗಿರುತ್ತದೆ. ಪಕ್ಷ ಕಳೆದರೆ ಚಕ್ರ ಮೊದಲಿನ ಜಾಗಕ್ಕೆ. ಅಂದರೆ ಶನಿವಾರ ಅರ್ಧಕ್ಕೆ ಬಿಟ್ಟ ದೃಶ್ಯ ಸರಿಯಾಗಿ ಕೂಡಬೇಕಾದರೆ ಮುಂದಿನ ಪಕ್ಷದ ಅದೇ ತಿಥಿಗೆ ಬರಬೇಕು. ಇಲ್ಲವೇ ಅಪ್ಪ ಮಗ ಇಬ್ಬರನ್ನೂ ಒಂದೇ ಸಂಜೆ ಮುಗಿಸಬೇಕು. ಅದೂ ಆಗದಿದ್ದರೆ ಸಮುದ್ರಕ್ಕೆ ಬೆನ್ನು ಕೊಟ್ಟು, ತೆಂಗಿನ ತೋಟದ ಕಡೆಗೆ ಕ್ಯಾಮೆರಾ ತಿರುಗಿಸಬೇಕು. ಈ ಮೂರರಲ್ಲಿ ಯಾವುದು ಎಂದು ಹೇಳಬೇಕಾದವನು ನಿರ್ದೇಶಕ. ಹೇಳಬೇಕಾದ್ದು ಸಂಜೆ ಐದಕ್ಕಲ್ಲ, ಒಂದು ತಿಂಗಳು ಮೊದಲು.

ಮೊದಲ ಚಿತ್ರ ನಿರ್ದೇಶಿಸಲು ಕಲಿಯುವುದು ಹೇಗೆ ಅಂತ ಕಾರವಾರ, ಅಂಕೋಲೆಯ ಕಾಲೇಜು ಹುಡುಗರು, ಹುಡುಗಿಯರು ಈಗ ಕೇಳುತ್ತಾರೆ. ಹಿಂದೆ ಕೇಳುತ್ತಿರಲಿಲ್ಲ, ಯಾಕೆಂದರೆ ಅದು ನಮ್ಮ ಊರಿನವರ ಕೆಲಸ ಎಂದು ಯಾರಿಗೂ ಅನಿಸಿರಲಿಲ್ಲ. ಈಗಿನ ಪ್ರಶ್ನೆಗಳು ಬಹುಮಟ್ಟಿಗೆ ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಎಂಬಲ್ಲಿಂದ ಶುರುವಾಗಿ ಅಲ್ಲಿಗೇ ಮುಗಿಯುತ್ತವೆ. ನಾನು ಬೆಂಗಳೂರಿನ ಯೂನಿಟ್ಟುಗಳಲ್ಲಿ ಸಹಾಯಕ ನಿರ್ದೇಶಕನಾಗಿ ಕ್ಲ್ಯಾಪ್ ಹೊಡೆದು, ಕಂಟಿನ್ಯುಟಿ ಬರೆದು, ದಿನದ ಬಾಟಾಕ್ಕಾಗಿ ಸಾಲಿನಲ್ಲಿ ನಿಂತು ಕೆಲವು ವರ್ಷ ಕಳೆದವನು. ಅಲ್ಲಿ ಕಂಡದ್ದನ್ನು ನಂಬಿ ಹೇಳುತ್ತೇನೆ: ಈ ಕಸುಬಿನಲ್ಲಿ ಮುಕ್ಕಾಲು ಪಾಲು ಹೊತ್ತಿನ ವ್ಯವಹಾರ. ಯಾವಾಗ ತೆಗೆಯಬೇಕು, ಎಷ್ಟು ಹೊತ್ತು ಕಾಯಬೇಕು, ಯಾವಾಗ ಸಾಕು ಎನ್ನಬೇಕು, ಎಲ್ಲಿ ಕತ್ತರಿಸಬೇಕು. ಲೆನ್ಸಿನ ವಿಷಯ ಹೇಳಿಕೊಡಲು ಛಾಯಾಗ್ರಾಹಕರಿದ್ದಾರೆ. ಹೊತ್ತಿನ ವಿಷಯ ನಿರ್ದೇಶಕನ ಬದಲು ಬೇರೆ ಯಾರೂ ನೋಡಿಕೊಳ್ಳುವುದಿಲ್ಲ.

ಸತ್ಯಜಿತ್ ರಾಯ್ ಅವರಿಗೆ ಈ ಪಾಠ ಹೇಳಿದ್ದು ದನಗಳು. ಅವರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣ ಶುರುವಾದದ್ದು 1952ರ ಅಕ್ಟೋಬರಿನಲ್ಲಿ, ಕಾಶ ಹುಲ್ಲಿನ ಬಿಳಿ ಹೂವು ತುಂಬಿದ ಬಯಲಿನಲ್ಲಿ, ಅಪು, ಅವನ ಅಕ್ಕ ದುರ್ಗಾ ರೈಲು ನೋಡುವ ದೃಶ್ಯ. ಮೊದಲ ದಿನ ಒಂದಿಷ್ಟು ತೆಗೆದರು. ಮತ್ತೆ ಹೋಗುವಷ್ಟರಲ್ಲಿ ಹೂವನ್ನೆಲ್ಲ ದನ ಮೇದಿದ್ದವು. ಮುಂದಿನ ವರ್ಷ ಹುಲ್ಲು ಹೂಬಿಡುವ ತನಕ ಆ ದೃಶ್ಯ ಅರ್ಧಕ್ಕೇ ನಿಂತಿತು. ರಾಯ್ ಆಗ ಜಾಹೀರಾತು ಕಂಪನಿಯ ಚಿತ್ರಕಾರರು. ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಇಪ್ಪತ್ತು ದಾಟಿದ ಹುಡುಗ. ಅದುವರೆಗೆ ಚಲನಚಿತ್ರದ ಕ್ಯಾಮೆರಾ ಓಡಿಸಿದವರಲ್ಲ. ಹಣ ಮುಗಿದು ಕೆಲಸ ನಿಂತದ್ದೂ ಉಂಟು. ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರ ಕೈ ಹಿಡಿದು, 1955ರಲ್ಲಿ ಚಿತ್ರ ಹೊರಬಂತು. ಇಷ್ಟು ವರ್ಷದಲ್ಲಿ ಅಪುವಿನ ದನಿ ಒಡೆಯಲಿಲ್ಲ, ದುರ್ಗಾ ಬೆಳೆದು ದೊಡ್ಡವಳಾಗಲಿಲ್ಲ, ಅಜ್ಜಿಯ ಪಾತ್ರದ ಚುನಿಬಾಲಾ ದೇವಿ ತೀರಿಕೊಳ್ಳಲಿಲ್ಲ. ಈ ಮೂರನ್ನೂ ರಾಯ್ ಪವಾಡಗಳ ಲೆಕ್ಕಕ್ಕೆ ಬರೆದುಕೊಂಡಿದ್ದರು. ಪವಾಡ ನಂಬಿ ಸಿನಿಮಾ ಮಾಡಲಾಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಮುಂದಿನ ಚಿತ್ರಗಳಿಗೆ ಪ್ರತಿಯೊಂದು ಚೌಕಟ್ಟನ್ನೂ ಮೊದಲೇ ಬರೆದಿಟ್ಟುಕೊಳ್ಳುವ ಅವರ ಖೇರೋ ಪುಸ್ತಕಗಳು, ಆ ಕೆಂಪು ಬಟ್ಟೆಯ ದಪ್ಪ ವಹಿಗಳು, ಹೆಸರುವಾಸಿ.

ಕನ್ನಡಕ್ಕೆ ಬಂದರೆ 1970ರ ದಶಕ ಮೊದಲ ಚಿತ್ರಗಳ ದಶಕ. ಅದನ್ನು ಹೊಸ ಅಲೆ ಎಂದು ಹೊಗಳುವುದು ರೂಢಿ. ಹೊಗಳಿಕೆಯನ್ನು ಪಕ್ಕಕ್ಕಿಟ್ಟು ಅವರು ಕೆಲಸ ಹೇಗೆ ಕಲಿತರು ಎಂದು ನೋಡಿದರೆ ನಮಗೆ ಉಪಯೋಗ ಹೆಚ್ಚು. 1970ರ ‘ಸಂಸ್ಕಾರ’ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಮೊದಲ ಚಿತ್ರ. ಅವರು ತೆಲುಗು ಕವಿ, ಕನ್ನಡ ಅವರ ಮನೆಮಾತಲ್ಲ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಅಗ್ರಹಾರದ ಒಳಗಿನ ಮಾತು, ಮಡಿ, ಮೌನ ಎಲ್ಲಕ್ಕೂ ಅನಂತಮೂರ್ತಿಯವರ ಕಾದಂಬರಿ, ಗಿರೀಶ ಕಾರ್ನಾಡರ ಚಿತ್ರಕಥೆ, ರಂಗಭೂಮಿಯಲ್ಲಿ ಪಳಗಿದ ನಟರು. ತನಗೆ ಏನು ಬಾರದು ಎಂಬುದನ್ನು ರೆಡ್ಡಿಯವರು ಅಷ್ಟು ಸರಿಯಾಗಿ ತಿಳಿದಿದ್ದರಿಂದಲೇ ಅದಕ್ಕೆ ತಕ್ಕ ಕೈಗಳನ್ನು ಹುಡುಕಿದರು. ಸೆನ್ಸಾರಿನವರು ಮೊದಲು ತಡೆದರು. ಆಮೇಲೆ ಅದೇ ಚಿತ್ರಕ್ಕೆ ಆ ವರ್ಷದ ರಾಷ್ಟ್ರಪತಿ ಸ್ವರ್ಣ ಪದಕ ಬಂತು. ಮರುವರ್ಷ ‘ವಂಶವೃಕ್ಷ’ಕ್ಕೆ ಇಬ್ಬರು ನಿರ್ದೇಶಕರು, ಕಾರ್ನಾಡ ಮತ್ತು ಬಿ.ವಿ. ಕಾರಂತ, ಒಬ್ಬರಿಗೆ ಸಾಲದ ಧೈರ್ಯ ಇಬ್ಬರಿಗೆ ಸಾಕಾಯಿತೋ ಏನೋ. ಗಿರೀಶ ಕಾಸರವಳ್ಳಿಯವರು ಔಷಧ ವಿಜ್ಞಾನ ಓದಿ, ಅದನ್ನು ಬಿಟ್ಟು, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತರು. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ ದುಡಿದ ಮೇಲೆ 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಅದಕ್ಕೆ ಕ್ಯಾಮೆರಾ ಎಸ್. ರಾಮಚಂದ್ರ, ಸಂಗೀತ ಸ್ವತಃ ಕಾರಂತರು. ಗುರು ಎನ್ನಬಹುದಾದವರನ್ನು ತನ್ನ ಯೂನಿಟ್ಟಿನಲ್ಲಿ ಕೂರಿಸಿಕೊಂಡು ಕೆಲಸ ತೆಗೆಯುವುದು ಹೊಸಬನಿಗೆ ಸುಲಭವಲ್ಲ. ಆ ಚಿತ್ರದ ಜೀರ್ಣೋದ್ಧಾರವಾದ ಪ್ರತಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆ ಕಂಡಿತು.

ನಮ್ಮ ಜಿಲ್ಲೆಯ ಮಟ್ಟಿಗೆ ಶಂಕರ್ ನಾಗ್ ಹೆಸರು ಹೇಳಲೇಬೇಕು. ಹೊನ್ನಾವರ ತಾಲೂಕಿನಲ್ಲಿ 1954ರಲ್ಲಿ ಹುಟ್ಟಿದವರು. ಮುಂಬಯಿಯ ಮರಾಠಿ ರಂಗಭೂಮಿ, ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ಯ ಗಂಡುಗಲಿ ಪಾತ್ರ, ಮರಾಠಿಯ ‘22 ಜೂನ್ 1897’ ಚಿತ್ರದ ಬರವಣಿಗೆಯಲ್ಲಿ ಕೈ. ಇಷ್ಟಾದ ಮೇಲೆ 1980ರಲ್ಲಿ ನಿರ್ದೇಶಕರಾಗಿ ಮೊದಲ ಚಿತ್ರ ‘ಮಿಂಚಿನ ಓಟ’. ಆಗ ಅವರಿಗೆ ಇಪ್ಪತ್ತೈದರ ಸುಮಾರು. ಅನುಭವವಿಲ್ಲದ ಹುಡುಗ ಅದೃಷ್ಟದಿಂದ ಗೆದ್ದ ಕಥೆ ಇದಲ್ಲ. ಬರೆದು, ನಟಿಸಿ, ಬೇರೆಯವರು ನಿರ್ದೇಶಿಸುವುದನ್ನು ಹತ್ತಿರದಿಂದ ನೋಡಿ ಬಂದವನ ಕೆಲಸ.

ಕಾರವಾರದ ಸಭೆಗಳಲ್ಲಿ ರವೀಂದ್ರನಾಥ ಠಾಗೋರರ ಹೆಸರು ಬಾರದೆ ಭಾಷಣ ಮುಗಿಯುವುದಿಲ್ಲ, ನಾನೂ ಹೇಳಿಬಿಡುತ್ತೇನೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ರವೀಂದ್ರರು ಬಂದು ಉಳಿದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲಿ. ತನ್ನ ಮುಂದಿನ ಬರವಣಿಗೆಗೆಲ್ಲ ಅದು ಮುನ್ನುಡಿಯಂತೆ ಎಂಬ ಅರ್ಥದ ಮಾತನ್ನು ಅವರು ಆತ್ಮಕಥನದಲ್ಲಿ ಬರೆದಿದ್ದಾರೆ. ಕಡಲು ನೋಡಿ ಕವಿಗೆ ಸ್ಫೂರ್ತಿ ಬಂತು ಎಂದು ನಾವು ಹೇಳಿಕೊಂಡು ಬಂದಿದ್ದೇವೆ. ನನಗೆ ಮುಖ್ಯವಾಗಿ ಕಾಣುವುದು ಅವರಿಗೆ ಇಲ್ಲಿ ಬೇಕಾದಷ್ಟು ಬಿಡುವಿತ್ತು ಎಂಬುದು. ಕಾಳಿ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋಗಿ ಬರುವಷ್ಟು ಬಿಡುವು. ಮೊದಲ ಚಿತ್ರದವರು ಎಲ್ಲಿಂದ ತರಬೇಕು ಅದನ್ನು?

ತಂದವರೊಬ್ಬರು ನಮ್ಮ ಘಟ್ಟದ ಮೇಲೆಯೇ ಇದ್ದಾರೆ. ಅಂಕೋಲೆಯಿಂದ ಹೊರಟು ಘಟ್ಟ ಹತ್ತಿದರೆ ಸಿಗುವ ಅಡಿಕೆ ತೋಟ, ಕಾಡು, ಮಳೆಯ ಸೀಮೆಯ ನಟೇಶ್ ಹೆಗಡೆ. ಕಿರುಚಿತ್ರಗಳಲ್ಲಿ ಕೈ ಪಳಗಿಸಿಕೊಂಡು ‘ಪೆಡ್ರೊ’ ಎಂಬ ತಮ್ಮ ಮೊದಲ ಕಥಾಚಿತ್ರ ಮಾಡಿದರು. 2021ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವದ ‘ನ್ಯೂ ಕರೆಂಟ್ಸ್’ ವಿಭಾಗಕ್ಕೆ ಅದು ಆಯ್ಕೆಯಾಯಿತು. ನಿರ್ಮಿಸಿದವರು ರಿಷಬ್ ಶೆಟ್ಟಿ, ಛಾಯಾಗ್ರಹಣ ವಿಕಾಸ್ ಅರಸ್ ಅವರದು. ಪೆಡ್ರೊ ಊರಿನ ವಿದ್ಯುತ್ ಕೆಲಸದವನು. ತೋಟ ಕಾಯಲು ಹೋಗಿ ಹಂದಿಗೆ ಇಟ್ಟ ಗುರಿ ದನಕ್ಕೆ ತಾಗಿ, ಊರೇ ಅವನ ಮೇಲೆ ತಿರುಗಿ ಬೀಳುತ್ತದೆ. ಆ ಪಾತ್ರ ಮಾಡಿದವರು ನಟೇಶರ ತಂದೆ ಗೋಪಾಲ ಹೆಗಡೆ. ಜೊತೆಗೆ ರಾಜ್ ಬಿ. ಶೆಟ್ಟಿಯಂಥ ಹೆಸರಾದ ನಟರೂ ಇದ್ದಾರೆ, ಆದರೆ ಚಿತ್ರ ನಿಂತಿರುವುದು ಆ ತಂದೆಯ ನಡಿಗೆಯ ಮೇಲೆ. ಆ ಮನುಷ್ಯ ಏಣಿ ಹತ್ತುವ ರೀತಿ, ಸುಮ್ಮನೆ ನಿಲ್ಲುವ ರೀತಿ ಮಗನಿಗೆ ಗೊತ್ತಾದಷ್ಟು ಇನ್ನಾರಿಗೆ ಗೊತ್ತಿರಲು ಸಾಧ್ಯ? ಒಂದು ಬಾಳಿನಷ್ಟು ಹೊತ್ತಿನ ರಿಹರ್ಸಲ್ ಅಲ್ಲಿ ಮೊದಲೇ ಆಗಿಹೋಗಿದೆ. ಮಂಡ್ಯ ಸೀಮೆಯ ‘ತಿಥಿ’ಯಲ್ಲೂ ರಾಮ್ ರೆಡ್ಡಿ ಹೀಗೆಯೇ ಮಾಡಿದರು. ನೊದೆಕೊಪ್ಪಲಿನ ಊರಿನವರನ್ನೇ ಪಾತ್ರಕ್ಕೆ ಹಾಕಿಕೊಂಡರು, ಆ ಊರನ್ನು ಒಳಗಿನಿಂದ ಬಲ್ಲ ಈರೇಗೌಡರನ್ನು ಚಿತ್ರಕಥೆಗೆ ಕೂರಿಸಿಕೊಂಡರು. 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಆ ಚಿತ್ರಕ್ಕೆ ಮೊದಲ ಚಿತ್ರದ ಪ್ರಶಸ್ತಿಯೂ ಸೇರಿ ಎರಡು ಗೌರವ ಬಂದವು.

ಮನೆಯವರನ್ನು ಹಾಕಿಕೊಂಡರೆ ಸಾಕು ಎಂದಲ್ಲ. ಹೊಸ ಮುಖಗಳಿಗೆ ಮೊದಲ ಟೇಕಿನಲ್ಲಿ ಬಂದದ್ದು ಐದನೆಯ ಟೇಕಿನಲ್ಲಿ ಬರುವುದಿಲ್ಲ; ನುರಿತ ನಟರು ಮೂರನೆಯದಕ್ಕೆ ಬಿಸಿಯಾಗುತ್ತಾರೆ. ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸಿದಾಗ ಯಾರ ಹೊತ್ತಿಗೆ ಕ್ಯಾಮೆರಾ ಓಡಿಸುವುದು? ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ನಾನು ಕಂಡ ಒಬ್ಬ ಹಿರಿಯ ನಿರ್ದೇಶಕರು ನುರಿತವರ ಜೊತೆ ಬೆಳಿಗ್ಗೆಯೇ ಬೇರೆ ಕೋಣೆಯಲ್ಲಿ ಮಾತು ಹೇಳಿಸಿ ಬಿಸಿ ಮಾಡಿಟ್ಟಿರುತ್ತಿದ್ದರು. ಹೊಸಬರಿಗೆ ಕ್ಯಾಮೆರಾ ಓಡುತ್ತಿರುವುದೇ ಗೊತ್ತಾಗದ ಹಾಗೆ ಮೊದಲ ಸಲ ತೆಗೆದುಬಿಡುತ್ತಿದ್ದರು.

ಕಾರವಾರದಲ್ಲಿ ಮಾತಿನ ವಿಷಯ ಇನ್ನೂ ತೊಡಕು. ಮೀನು ಪೇಟೆಯಲ್ಲಿ ಕೊಂಕಣಿ, ತಾಲೂಕು ಕಚೇರಿಯಲ್ಲಿ ಕನ್ನಡ, ನೌಕಾನೆಲೆಯ ಗೇಟಿನಲ್ಲಿ ಹಿಂದಿ, ಅಂಕೋಲೆಯ ಕಡೆ ನಾಡವರ ಕನ್ನಡ, ಹಾಲಕ್ಕಿಗಳ ಕನ್ನಡ. ಒಂದೇ ಮನುಷ್ಯ ಬೆಳಗಿನಿಂದ ಸಂಜೆಯೊಳಗೆ ಇವುಗಳಲ್ಲಿ ಮೂರನ್ನಾದರೂ ಆಡುತ್ತಾನೆ. ಬೆಂಗಳೂರಿನ ಡಬ್ಬಿಂಗ್ ಕೋಣೆಗೆ ಹೋದ ಮೇಲೆ ಎಲ್ಲರೂ ಒಂದೇ ಕನ್ನಡ ಆಡತೊಡಗುತ್ತಾರೆ. ಮುಂಬಯಿಯಿಂದ ಬಂದ ಮಗನಿಗೆ ಅಪ್ಪ ‘ನೀನು ನಮ್ಮನ್ನೆಲ್ಲ ಮರೆತೇಬಿಟ್ಟೆ’ ಎನ್ನುವುದಿಲ್ಲ. ‘ಯಾವಾಗ ಬಂದ್ಯೋ, ಊಟ ಆಯ್ತಾ?’ ಎನ್ನುತ್ತಾನೆ, ಮತ್ತೆ ಬಲೆಯ ಕಡೆ ನೋಡುತ್ತಾನೆ. ಆ ಎರಡರ ನಡುವೆ ಎಷ್ಟು ಹೊತ್ತು ಎಂಬುದೇ ದೃಶ್ಯ. ಅದಕ್ಕಾಗಿ ಸ್ಥಳದಲ್ಲೇ ಧ್ವನಿ ಹಿಡಿಯಿರಿ ಎಂದು ನಾನು ಹಟ ಹಿಡಿಯುತ್ತೇನೆ. ಖರ್ಚು ಹೆಚ್ಚು, ತಾಪತ್ರಯ ಅದಕ್ಕಿಂತ ಹೆಚ್ಚು.

ತಾಪತ್ರಯ ಏನು ಗೊತ್ತೇ? ಕಡಲ ಸದ್ದು ನಿಲ್ಲುವುದಿಲ್ಲ. ಅಪ್ಪನ ಮಾತಿನ ಹಿಂದೆ ಒಂದು ತೆರೆ ಒಡೆಯುತ್ತಿದ್ದರೆ ಮಗನ ಮಾತಿನ ಹಿಂದೆ ಇನ್ನೊಂದು. ಎರಡನ್ನೂ ಕತ್ತರಿಸಿ ಜೋಡಿಸಿದಾಗ ತೆರೆ ನಡುವಿನಲ್ಲಿ ತುಂಡಾಗುತ್ತದೆ, ಕಿವಿ ಅದನ್ನು ಹಿಡಿದೇ ಹಿಡಿಯುತ್ತದೆ. ಆದ್ದರಿಂದ ಮೈಕನ್ನು ಬಾಯಿಯ ಹತ್ತಿರ ಇಟ್ಟು ಮಾತನ್ನು ಆದಷ್ಟು ಒಂಟಿಯಾಗಿ ಹಿಡಿಯಬೇಕು. ಎಲ್ಲ ಮುಗಿದ ಮೇಲೆ ಯೂನಿಟ್ಟನ್ನು ಸುಮ್ಮನಿರಿಸಿ, ಬರೀ ಸಮುದ್ರವನ್ನು ಕೆಲವು ನಿಮಿಷ ಧ್ವನಿಮುದ್ರಿಸಿಕೊಂಡು, ಸಂಕಲನದಲ್ಲಿ ಅದನ್ನು ಅಡಿಯಲ್ಲಿ ಹಾಸಬೇಕು. ಮೂವತ್ತು ನಲವತ್ತು ಜನರ ಯೂನಿಟ್ಟು ಕೆಲವು ನಿಮಿಷ ಬಾಯಿ ಮುಚ್ಚಿ ನಿಲ್ಲುವುದು ಇದೆಯಲ್ಲ, ಹೊಸ ನಿರ್ದೇಶಕನಿಗೆ ಅದಕ್ಕಿಂತ ದೊಡ್ಡ ಅಧಿಕಾರದ ಪರೀಕ್ಷೆ ಇನ್ನೊಂದಿಲ್ಲ. ಅಂಕೋಲೆಯ ಕಡೆ ತೆಗೆಯುವುದಾದರೆ ರಾಷ್ಟ್ರೀಯ ಹೆದ್ದಾರಿ 66ರ ಲಾರಿಗಳು, ಕೊಂಕಣ ರೈಲು. ರೈಲಿಗಾದರೂ ವೇಳಾಪಟ್ಟಿ ಇದೆ.

ಹೊತ್ತಿನ ಅಧಿಕಾರದ ಮಾತು ಬಂದದ್ದರಿಂದ ಯಕ್ಷಗಾನದ ಭಾಗವತರನ್ನು ನೆನೆಯುತ್ತೇನೆ. ವೇಷವಿಲ್ಲ, ಅರ್ಥ ಹೇಳುವುದಿಲ್ಲ. ಆದರೂ ಆಟ ಅವರ ತಾಳದ ಮೇಲೆ ನಡೆಯುತ್ತದೆ. ರಾವಣನ ವೇಷದವರು ಚೌಕಿಯಿಂದ ಹೊರಡುವುದು ತಡವಾದರೆ ಪದ್ಯವನ್ನು ಎಳೆಯುತ್ತಾರೆ; ಜನ ತೂಕಡಿಸಿದರೆ ಎರಡು ಪದ್ಯ ಹಾರಿಸುತ್ತಾರೆ; ಅರ್ಥಧಾರಿ ಮಾತು ಬೆಳೆಸಿದರೆ ತಾಳ ತಟ್ಟಿ ಸಾಕು ಎನ್ನುತ್ತಾರೆ. ಸಿನಿಮಾ ನಿರ್ದೇಶಕನದೂ ಅದೇ ಕೆಲಸ, ಒಂದು ಪೀಡೆ ಹೆಚ್ಚು: ಭಾಗವತರು ಜನರ ಮುಖ ನೋಡುತ್ತ ತಾಳ ಬದಲಾಯಿಸುತ್ತಾರೆ, ಇವನು ಇನ್ನೂ ಬಂದಿರದ ಜನರಿಗಾಗಿ, ಹಿಂದುಮುಂದಾಗಿ ತೆಗೆಯುವ ತುಂಡುಗಳಲ್ಲಿ ತಾಳ ನೆನಪಿಟ್ಟುಕೊಳ್ಳಬೇಕು. ಕೊನೆಯ ದೃಶ್ಯ ಮೂರನೆಯ ದಿನ, ಮೊದಲ ದೃಶ್ಯ ಇಪ್ಪತ್ತನೆಯ ದಿನ. ಈ ಪಾತ್ರಕ್ಕೆ ಈಗ ಎಷ್ಟು ದುಃಖವಾಗಿದೆ, ಇನ್ನೆಷ್ಟು ಬಾಕಿ ಇದೆ ಎಂದು ನಟ ಬಂದು ಕೇಳಿದರೆ ತಡವರಿಸದೆ ಹೇಳಬೇಕು.

ಅದಕ್ಕೇ ಕಾಗದದ ಮೇಲಿನ ಕೆಲಸ. ನೀರಸ ಎನಿಸುವುದು ಇದೇ, ಹೊಸಬರು ಹಾರಿಸುವುದೂ ಇದನ್ನೇ. ನೂರು ನಿಮಿಷದ ಚಿತ್ರಕ್ಕೆ ತೊಂಬತ್ತು ದೃಶ್ಯ ಇದ್ದರೆ, ಕೈಯಲ್ಲಿರುವ ಹಣಕ್ಕೆ ಇಪ್ಪತ್ತೈದು ದಿನ ಸಿಕ್ಕರೆ, ದಿನಕ್ಕೆ ಮೂರೂವರೆಗಿಂತ ತುಸು ಹೆಚ್ಚು ದೃಶ್ಯ ಮುಗಿಯಬೇಕು. ಅಂದರೆ ದಿನಕ್ಕೆ ನಾಲ್ಕು ನಿಮಿಷ. ಬೆಳಕು ಸಿಗುವುದು ಹತ್ತು ಹನ್ನೊಂದು ಗಂಟೆ. ಅದರಲ್ಲಿ ತಿಂಡಿ, ಊಟ, ಜಾಗ ಬದಲಾಯಿಸುವುದು ಕಳೆಯಿರಿ. ನಮ್ಮ ಕರಾವಳಿಯಲ್ಲಿ ಬೆಳಗಿನ ಸೂರ್ಯ ಸಹ್ಯಾದ್ರಿಯ ಹಿಂದಿನಿಂದ ಹತ್ತಿ ಬರಬೇಕಾದ್ದರಿಂದ ಮೊದಲ ಎಳೆಬಿಸಿಲು ತಡ. ಬದಲಿಗೆ ಸಂಜೆ ಧಾರಾಳ, ನಡುವೆ ಯಾವ ಗುಡ್ಡವೂ ಅಡ್ಡವಿಲ್ಲ. ಹಾಗಾಗಿ ಹೊರಾಂಗಣದ ಮುಖ್ಯ ದೃಶ್ಯ ಸಂಜೆಗೆ, ಮನೆಯೊಳಗಿನದು ನಡುಹಗಲಿಗೆ. ಒಬ್ಬ ನಟನ ದೃಶ್ಯಗಳೆಲ್ಲ ಒಟ್ಟಿಗೆ ಮುಗಿದರೆ ಅವರ ಕಾಲ್‌ಶೀಟ್ ಉಳಿಯುತ್ತದೆ. ರೆಕ್ಕಿಗೆ ಹೋದಾಗ ಜಾಗ ಚೆನ್ನಾಗಿದೆಯೇ ಎಂದು ನೋಡುವುದು ಒಂದು. ಚಿತ್ರೀಕರಣದ ತಿಂಗಳಿನಲ್ಲಿ, ಚಿತ್ರೀಕರಣದ ಗಂಟೆಯಲ್ಲಿ ಅದು ಹೇಗಿರುತ್ತದೆ ಎಂದು ನೋಡುವುದು ಇನ್ನೊಂದು. ಎರಡನೆಯದೇ ರೆಕ್ಕಿ.

ಫಿಲ್ಮ್ ಸುರುಳಿಯ ಕಾಲದಲ್ಲಿ ಈ ಶಿಸ್ತನ್ನು ಸುರುಳಿಯೇ ಕಲಿಸುತ್ತಿತ್ತು. 35 ಎಂಎಂನ ಸಾವಿರ ಅಡಿಯ ಡಬ್ಬಿ ಹನ್ನೊಂದು ನಿಮಿಷಕ್ಕೆ ಖಾಲಿ, ಖಾಲಿಯಾದದ್ದಕ್ಕೆ ದುಡ್ಡು. ಕ್ಯಾಮೆರಾ ಓಡುವ ಮೊದಲು ಎಲ್ಲರೂ ಹತ್ತು ಸಲ ಮಾತು ಹೇಳಿಕೊಂಡಿರುತ್ತಿದ್ದರು. ಈಗ ಕಾರ್ಡಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ, ಹಾಗಾಗಿ ರಿಹರ್ಸಲನ್ನೂ ಚಿತ್ರೀಕರಿಸಿ ಆಮೇಲೆ ನೋಡೋಣ ಎನ್ನುವವರೇ ಹೆಚ್ಚು. ಆಮೇಲೆ ನೋಡುವವನು ಸಂಕಲನಕಾರ. ಹತ್ತು ಕಡೆಯಿಂದ ತೆಗೆದ ದೃಶ್ಯ ಎಂದರೆ ಯಾವ ಕಡೆಯಿಂದ ನೋಡಬೇಕೆಂದು ನಿರ್ದೇಶಕನಿಗೆ ಗೊತ್ತಿರಲಿಲ್ಲ ಎಂದೇ ನನ್ನ ತಿಳಿವಳಿಕೆ.

ಇನ್ನು ವರ್ಷದ ಪಂಚಾಂಗ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲದಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ನಿಮ್ಮ ಕಥೆಯಲ್ಲಿ ಬೋಟು ಕಡಲಿಗೆ ಹೊರಡಬೇಕಾದರೆ ಆ ಎರಡು ತಿಂಗಳು ಬೇಡ. ಕೆಲಸವಿಲ್ಲದೆ ಕೂತ ಕಲಾಸಿಗಳ ಕಥೆಯಾದರೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಳೆಯ ದೃಶ್ಯ ಬೇಕೆಂದು ಜುಲೈಗೆ ಬರುವವರು ನೆನಪಿಡಬೇಕು, ಕಣ್ಣಿಗೆ ಕಾಣುವ ಮಳೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹನಿಯ ಹಿಂದಿನಿಂದ ಬೆಳಕು ಬಿದ್ದರೆ ಮಾತ್ರ ಅದು ಮಳೆ, ಇಲ್ಲದಿದ್ದರೆ ಬರೀ ಮಂಕು. ಅರ್ಗಾದ ಕದಂಬ ನೌಕಾನೆಲೆಯ ಆಸುಪಾಸಿನಲ್ಲಿ ಡ್ರೋನ್ ಹಾರಿಸುವ ಮಾತೇ ಇಲ್ಲ. ಕಾರವಾರದ ದಂಡೆಯನ್ನು ಮೇಲಿನಿಂದ ತೋರಿಸಿದರೇ ಸಿನಿಮಾ ಎಂದುಕೊಂಡವರಿಗೆ ಇದು ನಿರಾಸೆ. ನನಗೇನೂ ಬೇಸರವಿಲ್ಲ. ಆಕಾಶದಿಂದ ನೋಡಿದ ಕಡಲ ದಂಡೆಗಳೆಲ್ಲ ಒಂದೇ ಥರ ಕಾಣುತ್ತವೆ.

ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತದ ಬಗ್ಗೆ ಎರಡು ಮಾತು. ಹೋಳಿ ಹುಣ್ಣಿಮೆಯ ಸುತ್ತಿನ ಕೆಲವು ದಿನ ತಲೆಗೆ ತುರಾಯಿ ಕಟ್ಟಿ ಮನೆ ಮನೆಗೆ ಹೋಗುವ ಆಚರಣೆ ಅದು. ನವೆಂಬರಿನಲ್ಲಿ ಯೂನಿಟ್ಟು ಬಂದಿದೆ ಎಂದು ಗದ್ದೆಯ ಬದುವಿನಲ್ಲಿ ಕುಣಿಸುವುದು ಸುಲಭ, ದುಡ್ಡು ಕೊಟ್ಟರೆ ಯಾರಾದರೂ ಕುಣಿದಾರು. ಆದರೆ ಕುಣಿಯುವವರ ಮೈಯಲ್ಲಿ ಅದು ಸುಗ್ಗಿಯಾಗಿರುವುದಿಲ್ಲ. ಫಾಲ್ಗುಣದ ತನಕ ಕಾಯಿರಿ, ಊರಗೌಡರನ್ನು ಕೇಳಿ, ಅವರು ಇಲ್ಲಿ ಬೇಡ ಎಂದ ಕಡೆ ಕ್ಯಾಮೆರಾ ಇಡಬೇಡಿ. ಮಣಿಸರ ಹಾಕಿದ ಹೆಂಗಸರನ್ನು ಹಾಡಿನ ಹಿನ್ನೆಲೆಗೆ ಸಾಲು ನಿಲ್ಲಿಸಿದ ಚಿತ್ರಗಳು ಬೇಕಾದಷ್ಟು ಬಂದಿವೆ. ಆ ಹೆಂಗಸರಲ್ಲಿ ಒಬ್ಬರಿಗೆ ಹೆಸರು, ಮನೆ, ಸಿಟ್ಟು ಇರುವ ಚಿತ್ರ ಇನ್ನೂ ಬರಬೇಕು. ಹಾಲಕ್ಕಿ ಹಾಡುಗಾರ್ತಿ, ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಗಿಡ ನೆಟ್ಟು ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡರಿಗೂ ಆಮೇಲೆ ಬಂತು. ಹಾಡು ತೆಗೆದುಕೊಂಡರೆ ಹಾಡಿದವರ ಹೆಸರು ತೆರೆಯ ಮೇಲೆ ಬರಲಿ, ಸಂಭಾವನೆ ಕೈಗೆ ಹೋಗಲಿ.

ಅಂಕೋಲೆಯ ಹುಡುಗರಿಗೆ 1930ರ ಉಪ್ಪಿನ ಸತ್ಯಾಗ್ರಹದ ಮೇಲೆ ಚಿತ್ರ ಮಾಡುವ ಆಸೆ. ಒಳ್ಳೆಯ ಆಸೆ. ಆದರೆ ಮೊದಲ ಚಿತ್ರಕ್ಕೆ ಬೇಡ ಎನ್ನುತ್ತೇನೆ. 1930 ತೋರಿಸಬೇಕಾದರೆ ಕರೆಂಟ್ ಕಂಬ, ಪ್ಲಾಸ್ಟಿಕ್, ಮೊಬೈಲ್ ಟವರ್, ಹೆದ್ದಾರಿ ಎಲ್ಲವನ್ನೂ ಮರೆಮಾಡಬೇಕು. ಇಪ್ಪತ್ತೈದು ದಿನದಲ್ಲಿ ಹತ್ತು ದಿನ ಮರೆಮಾಡುವುದರಲ್ಲೇ ಹೋಗುತ್ತದೆ. ನೌಕಾನೆಲೆಗಾಗಿ ಊರು ಬಿಟ್ಟವರ ಮೊಮ್ಮಕ್ಕಳ ಇವತ್ತಿನ ಒಂದು ದಿನ, ಕರಿ ಈಶಾಡ ಮಾವು ಮಾರಲು ಪೇಟೆಗೆ ಹೊರಟ ಒಬ್ಬ ಅಜ್ಜಿಯ ಒಂದು ಬೆಳಗು. ಇವು ಸಣ್ಣ ಕಥೆಗಳಲ್ಲ, ಕೈಗೆ ಸಿಗುವ ಕಥೆಗಳು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಈಗಲೇ ಕಥೆ ಮಾಡಹೊರಡುವವರಿಗೂ ಇದೇ ಮಾತು, ಬೇರೆ ಕಾರಣಕ್ಕೆ. ತಮ್ಮವರನ್ನು ಕಳೆದುಕೊಂಡ ಮನೆಗಳಲ್ಲಿ ಅದು ಇನ್ನೂ ಕಥೆಯಾಗಿಲ್ಲ.

ಕುಂಬಳಕಾಯಿ ಒಡೆದು ಯೂನಿಟ್ಟು ಮನೆಗೆ ಹೋದ ಮೇಲೆ ನಿರ್ದೇಶಕನಿಗೆ ಇನ್ನೊಂದು ಬಗೆಯ ಹೊತ್ತಿನ ಕೆಲಸ. ಮೊದಲ ಜೋಡಣೆ ಯಾವಾಗಲೂ ಉದ್ದ. ಕಷ್ಟಪಟ್ಟು ತೆಗೆದ ಶಾಟನ್ನು ಬಿಡಲು ಮನಸ್ಸಾಗುವುದಿಲ್ಲ. ಸೊಂಟದ ತನಕ ನೀರಿನಲ್ಲಿ ನಿಂತು ತೆಗೆದದ್ದು ಎಂಬುದು ನೋಡುವವನಿಗೆ ಗೊತ್ತಿಲ್ಲವಲ್ಲ. ನಿಮ್ಮ ಕಥೆ ಗೊತ್ತಿಲ್ಲದ, ನಿಮ್ಮ ಮೇಲೆ ಮೋಹವೂ ಇಲ್ಲದ ನಾಲ್ಕು ಜನರನ್ನು ಕೂರಿಸಿ ತೋರಿಸಿ. ಆಮೇಲೆ ಹೇಗಿತ್ತು ಎಂದು ಕೇಳಬೇಡಿ, ಚೆನ್ನಾಗಿದೆ ಎನ್ನುತ್ತಾರೆ, ನಮ್ಮ ಕಡೆಯವರು ಮರ್ಯಾದಸ್ಥರು. ಚಿತ್ರ ಓಡುವಾಗ ತೆರೆಯನ್ನು ಬಿಟ್ಟು ಅವರನ್ನು ನೋಡಿ. ಮೊಬೈಲು ತೆಗೆದ ನಿಮಿಷ ಯಾವುದು, ಕುರ್ಚಿಯಲ್ಲಿ ಹೊರಳಿದ ನಿಮಿಷ ಯಾವುದು ಎಂದು ಬರೆದುಕೊಳ್ಳಿ. ಮಾತಿನಲ್ಲಿ ಹೇಳದ್ದನ್ನೆಲ್ಲ ಅವರು ಆ ನಿಮಿಷಗಳಲ್ಲಿ ಹೇಳಿರುತ್ತಾರೆ.

ಬಿಡುಗಡೆ ಯಾವಾಗ ಎಂಬ ಒಂದು ಪ್ರಶ್ನೆ ಮಾತ್ರ ನಿಮ್ಮ ಕೈಯಲ್ಲಿಲ್ಲ. ಅದು ಸೆನ್ಸಾರ್ ಪತ್ರ, ವಿತರಕರು, ಉತ್ಸವಗಳ ಆಯ್ಕೆ ಸಮಿತಿ, ಚಿತ್ರಮಂದಿರದವರ ಮರ್ಜಿ. ತಿಂಗಳುಗಳೇ ಹಿಡಿಯಬಹುದು. ಆ ತಿಂಗಳುಗಳಲ್ಲಿ ಎರಡನೆಯ ಚಿತ್ರದ ಬರವಣಿಗೆಗೆ ಕೂರಿ. ನಟೇಶ್ ಹೆಗಡೆಯವರ ‘ಪೆಡ್ರೊ’ 2021ರಲ್ಲಿ ಬುಸಾನಿಗೆ ಹೋಯಿತು. ಅವರ ಎರಡನೆಯ ಚಿತ್ರ ‘ವಾಘಾಚಿಪಾಣಿ’, ಅಮರೇಶ ನುಗಡೋಣಿಯವರ ಕಥೆ ಆಧರಿಸಿದ್ದು, 2025ರಲ್ಲಿ ಬರ್ಲಿನ್ ಉತ್ಸವದ ಫೋರಂ ವಿಭಾಗದಲ್ಲಿ ತೆರೆ ಕಂಡಿತು. ನಡುವೆ ನಾಲ್ಕು ವರ್ಷ. ಇಂಥ ಚಿತ್ರಕ್ಕೆ ಅದೇನು ಹೆಚ್ಚಲ್ಲ.